ಕರ್ತೃ ಇಲ್ಲದ ವಾಕ್ಯ: ಕಡತ ಕಾಣೆಯಾದರೆ ಹೊಣೆ ಯಾರದು?

ನಮ್ಮ ಚಿಕ್ಕಪ್ಪನ ಟ್ರಂಕಿನಲ್ಲಿ 1979ರ ಒಂದು ಸಾಗುವಳಿ ಚೀಟಿ ಇದೆ. ಮಡಿಕೆ ಬಿದ್ದ ಕಡೆಯೆಲ್ಲ ಹರಿಯುವುದೊಂದು ಬಾಕಿ. ಶಾಯಿ ಮಾಸಿದೆ, ತಹಶೀಲ್ದಾರರ ಗುಂಡು ಮೊಹರು ಮಾತ್ರ ಇನ್ನೂ ಓದಲು ಬರುತ್ತದೆ. ಹುಳ ಹಿಡಿಯಬಾರದೆಂದು ಯುಗಾದಿಗೊಮ್ಮೆ ಬೇವಿನೆಲೆ ಬದಲಿಸುತ್ತ, ಸೀರೆ ಅಂಗಡಿಯ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಕಾಪಾಡಿಕೊಂಡು ಬಂದ ಕಾಗದ. ಎರಡು ಎಕರೆ ಗೋಮಾಳ ಅವರಿಗೆ ಮಂಜೂರಾಗಿದೆ ಎನ್ನುವುದಕ್ಕೆ ಮನೆಯಲ್ಲಿರುವ ಪುರಾವೆ ಅದು. ಇದೇ ಸಂಗತಿಗೆ ಸರ್ಕಾರದ ಬಳಿ ಇರಬೇಕಾದ ಪುರಾವೆ, ಅಂದರೆ ಜಮೀನು ಮಂಜೂರಾತಿಯ ಮೂಲ ದರಖಾಸ್ತು ಕಡತ, ಇಲ್ಲವಂತೆ.

ಕೋಲಾರ ಜಿಲ್ಲೆಯ ಒಂದು ತಾಲ್ಲೂಕು ಕಚೇರಿಯಿಂದ ಬಂದ ಹಿಂಬರಹದಲ್ಲಿ ಇರುವುದು ಒಂದೇ ವಾಕ್ಯ: “ತಾವು ಕೋರಿರುವ ಮೂಲ ಮಂಜೂರಾತಿ ಕಡತವು ಈ ಕಚೇರಿಯ ಅಭಿಲೇಖಾಲಯದಲ್ಲಿ ಲಭ್ಯವಿರುವುದಿಲ್ಲವೆಂದು ಈ ಮೂಲಕ ತಿಳಿಯಪಡಿಸಲಾಗಿದೆ.” ಅದನ್ನು ಕೈಗಿತ್ತವರು ಮರ್ಯಾದೆಯಿಂದಲೇ ಮಾತಾಡಿದರು.

“ಯಜಮಾನ್ರೇ, ಎರಡು ದಿನ ಹುಡುಕ್ಸಿದೀವಿ, ಸಿಗ್ಲಿಲ್ಲ. ಅದಕ್ಕೇ ಹಿಂಬರಹ ಕೊಡ್ತಿರೋದು.”

“ಇದನ್ನಿಟ್ಕೊಂಡು ನಾನೇನ್ ಮಾಡ್ಲಿ ಸಾರ್?”

“ಮೇಲಿನೋರ್ಗೆ ಹಾಕ್ಕೊಳ್ಳಿ.”

ಹೈಸ್ಕೂಲಿನ ವ್ಯಾಕರಣದ ಮೇಷ್ಟರಂತೆ ಆ ವಾಕ್ಯವನ್ನೊಮ್ಮೆ ಬಿಡಿಸಿ ನೋಡಿ. ಕಡತ ಲಭ್ಯವಿಲ್ಲ ಸರಿ, ಯಾವಾಗಿನಿಂದ? ಕೊನೆಗೆ ಯಾರ ಕೈಯಲ್ಲಿತ್ತು? ತಿಳಿಯಪಡಿಸಿದವರು ಯಾರು? ನಮ್ಮ ಕಚೇರಿ ಕನ್ನಡ ನಿಂತಿರುವುದೇ ಈ ‘-ಲಾಗಿದೆ’ ಮೇಲೆ. ಸೂಚಿಸಲಾಗಿದೆ, ಪರಿಶೀಲಿಸಲಾಗುವುದು, ಕ್ರಮ ಕೈಗೊಳ್ಳಲಾಗಿದೆ. “ಅನ್ನ ಮಾಡಲಾಗಿದೆ, ಊಟಕ್ಕೆ ಬರಬಹುದಾಗಿದೆ” ಎಂದು ಯಾವ ಮನೆಯಲ್ಲೂ ಯಾರೂ ಕರೆಯುವುದಿಲ್ಲ. ಕರ್ತೃ ಮಾಯವಾದ ಮೇಲೆ ವಾಕ್ಯದಲ್ಲಿ ಉಳಿಯುವುದು ಕರ್ಮ. ಅದು ಅರ್ಜಿದಾರನ ಪಾಲು.

ಪಾರದರ್ಶಕತೆಯ ಹೆಸರಿನಲ್ಲಿ ಕಳೆದ ಇಪ್ಪತ್ತೈದು ವರ್ಷದಲ್ಲಿ ಈ ರಾಜ್ಯದಲ್ಲಿ ಆಗಿರುವ ಕೆಲಸ ಸಣ್ಣದಲ್ಲ. ಪಹಣಿ ಕಂಪ್ಯೂಟರಿಗೆ ಬಂತು, ಮಾಹಿತಿ ಹಕ್ಕು ಬಂತು, ಸಕಾಲ ಬಂತು. ಇವೆಲ್ಲದರಿಂದ ಕಾಗದ ನಮ್ಮ ಕಣ್ಣಿಗೆ ಬಿತ್ತು. ಕಾಗದದ ಹಿಂದಿನ ಹೆಸರು ಮಾತ್ರ ಕಚೇರಿಯ ಒಳಗೇ ಉಳಿಯಿತು. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಅದರ ಬೆಲೆ ಏನೆಂದು ತಿಳಿಯಬೇಕಾದರೆ ‘ಪಿ’ ನಂಬರಿನ ಜಮೀನಿನಿಂದಲೇ ಶುರುಮಾಡಬೇಕು.

ಒಂದು ಸರ್ವೆ ನಂಬರಿನ ಸರ್ಕಾರಿ ಜಮೀನನ್ನು ಹತ್ತಾರು ಜನಕ್ಕೆ ಮಂಜೂರು ಮಾಡಿದ ಮೇಲೆ ಅಳತೆ ಮಾಡಿ, ಗಡಿ ಗುರುತಿಸಿ, ಒಬ್ಬೊಬ್ಬರ ಹಿಡುವಳಿಗೂ ಬೇರೆ ನಂಬರು ಕೊಡಬೇಕು. ಅದೇ ಪೋಡಿ. ಅದು ಆಗುವ ತನಕ ಪಹಣಿಯಲ್ಲಿ ಆ ಜಮೀನು 112/ಪಿ7 ಎಂಬಂಥ ಹಂಗಾಮಿ ನಂಬರು ಹೊತ್ತು ಕೂತಿರುತ್ತದೆ. ಹಂಗಾಮಿ ಎಂದರೆ ನಲವತ್ತು ವರ್ಷವೂ ಆಗಬಹುದು. ಪಹಣಿಯಲ್ಲಿ ರೈತನ ಹೆಸರಿದೆ, ರಾಗಿ ಬೆಳೆ ನಮೂದಾಗಿದೆ, ಆದರೆ ಆ ಎರಡು ಎಕರೆ ಎಲ್ಲಿಂದ ಎಲ್ಲಿಗೆ ಎಂದು ನಕಾಶೆಯಲ್ಲಿ ಗೆರೆ ಇಲ್ಲ. ಮಾರಲು ಹೋದರೆ ತೊಡಕು, ಅಣ್ಣತಮ್ಮಂದಿರು ಭಾಗ ಮಾಡಿಕೊಳ್ಳಲು ಹೋದರೆ ತೊಡಕು. ಪೋಡಿ ಆಗಬೇಕಾದರೆ ಕಂದಾಯದವರು ನಮೂನೆ 1ರಿಂದ 5 ತುಂಬಬೇಕು, ಆಮೇಲೆ ಸರ್ವೆಯವರು 6ರಿಂದ 10. ಮೊದಲಿನ ಐದು ನಮೂನೆ ತುಂಬಲು ಮಂಜೂರಾತಿ ಕಡತ ಬೇಕು. ಕಡತವಿಲ್ಲದಿದ್ದರೆ ಗಾಡಿ ಅಲ್ಲಿಗೇ ನಿಲ್ಲುತ್ತದೆ.

ಇದರಲ್ಲಿ ಇನ್ನೊಂದು ಲೆಕ್ಕವಿದೆ, ಕಚೇರಿಯ ಸುತ್ತ ಓಡಾಡುವವರಿಗೆಲ್ಲ ಗೊತ್ತಿರುವಂಥದ್ದು. ಎಷ್ಟೋ ಸರ್ವೆ ನಂಬರುಗಳಲ್ಲಿ ಪಹಣಿಗಳ ವಿಸ್ತೀರ್ಣವನ್ನೆಲ್ಲ ಕೂಡಿಸಿದರೆ ಸರ್ವೆ ಇಲಾಖೆಯ ಮೂಲ ದಾಖಲೆಯಾದ ಆಕಾರ್‌ಬಂದ್‌ನಲ್ಲಿರುವ ಒಟ್ಟು ವಿಸ್ತೀರ್ಣವನ್ನೇ ಮೀರುತ್ತದೆ. ಭೂಮಿಯಂತೂ ಹಿಗ್ಗುವುದಿಲ್ಲ. ಹಾಗಾದರೆ ಯಾರದೋ ಅಳತೆ ತಪ್ಪು, ಇಲ್ಲವೇ ಯಾರದೋ ಮಂಜೂರಾತಿ ಸುಳ್ಳು. ಯಾರದು ಎಂದು ಹೇಳಬಲ್ಲದ್ದು ಮೂಲ ಕಡತ. ನರಸಾಪುರ, ವೇಮಗಲ್ ಕಡೆ ಕೈಗಾರಿಕಾ ಪ್ರದೇಶ ಬಂದು, ಬೆಂಗಳೂರು ಬೆಳೆಯುತ್ತ ಮಾಲೂರಿನ ಹೊಸ್ತಿಲಿಗೆ ಬಂದು ನಿಂತ ಮೇಲೆ ಇಲ್ಲಿ ಮುಳ್ಳುಗಿಡ ಬೆಳೆಯುತ್ತಿದ್ದ ಜಮೀನಿಗೂ ಕೋಟಿಯ ಮಾತು. ಇಂಥ ಕಡೆ ಕಡತ ಕಳೆಯುವುದು ಯಾವಾಗಲೂ ಗೆದ್ದಲಿನ ಕೆಲಸವೇ ಎಂದು ನಂಬಲು ನನಗಂತೂ ಸಾಧ್ಯವಿಲ್ಲ. ನಿಜವಾದ ಮಂಜೂರಾತಿಯ ಕಡತ ಕಳೆದರೆ ರೈತ ಅಲೆಯುತ್ತಾನೆ. ಸುಳ್ಳು ಮಂಜೂರಾತಿಯ ಕಡತ ‘ಕಳೆದರೆ’ ಯಾರೋ ಒಬ್ಬರು ನೆಮ್ಮದಿಯಾಗಿ ನಿದ್ದೆ ಮಾಡುತ್ತಾರೆ. ಹಿಂಬರಹದ ಒಕ್ಕಣೆ ಎರಡಕ್ಕೂ ಒಂದೇ.

ಪೆಟ್ಟು ಎಲ್ಲರಿಗೂ ಸಮನಾಗಿ ಬೀಳುವುದಿಲ್ಲ. 2011ರ ಜನಗಣತಿಯಂತೆ ಕೋಲಾರ ಜಿಲ್ಲೆಯ ಜನಸಂಖ್ಯೆಯಲ್ಲಿ ಪರಿಶಿಷ್ಟ ಜಾತಿಯವರು ಶೇ. 30ರಷ್ಟು. ಇವರಿಗೆ ಮಂಜೂರಾದ ಜಮೀನು ಕೈಬಿಟ್ಟು ಹೋಗಬಾರದೆಂದೇ 1978ರಲ್ಲಿ ಪಿಟಿಸಿಎಲ್ ಕಾಯ್ದೆ ಬಂತು. ತುಂಬ ತಡವಾಗಿ ಅರ್ಜಿ ಹಾಕಿದ್ದೀರಿ ಎಂಬ ಕಾರಣಕ್ಕೆ ಪ್ರಕರಣಗಳು ಬಿದ್ದುಹೋಗತೊಡಗಿದಾಗ, ಕಾಲಮಿತಿ ಅಡ್ಡಬರಬಾರದೆಂದು 2023ರಲ್ಲಿ ತಿದ್ದುಪಡಿಯೂ ಆಯಿತು. ಕಾಗದದ ಮೇಲಾದರೂ ಕಾನೂನು ಈಗ ಎಷ್ಟು ವರ್ಷವಾದರೂ ಕಾಯುತ್ತದೆ. ಆದರೆ ಜಮೀನು ಯಾರಿಗೆ, ಯಾವ ಷರತ್ತಿನ ಮೇಲೆ ಮಂಜೂರಾಗಿತ್ತು ಎಂದು ತೋರಿಸಬೇಕಾದ ಕಡತ ಕಾಯಬೇಕಲ್ಲ.

‘ಭೂಮಿ’ ಯೋಜನೆಯನ್ನು ಇಲ್ಲಿ ನೆನೆಯದೆ ಮುಂದೆ ಹೋಗುವಂತಿಲ್ಲ. 2000ದ ಆಸುಪಾಸಿನಲ್ಲಿ ರಾಜ್ಯದ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರ್ ಸೇರಿದವು. ಅಲ್ಲಿಯವರೆಗೆ ಪಹಣಿ ಎಂದರೆ ಗ್ರಾಮ ಲೆಕ್ಕಿಗರ ಬಗಲ ಚೀಲ. ಅವರು ಸಿಕ್ಕಿದರೆ ಸಿಕ್ಕಿತು, ಇಲ್ಲದಿದ್ದರೆ ಇನ್ನೊಂದು ದಿನ. ಆಮೇಲೆ 15 ರೂಪಾಯಿ ಕೊಟ್ಟು ಕಿಟಕಿಯಲ್ಲಿ ಪಡೆಯುವಂತಾಯಿತು. ಖಾತೆ ಬದಲಾವಣೆ ಅರ್ಜಿಗಳೂ ಬಂದ ಸರದಿಯಲ್ಲೇ ವಿಲೇವಾರಿ ಆಗಬೇಕು, ನಡುವೆ ಯಾರನ್ನೂ ನುಗ್ಗಿಸುವಂತಿಲ್ಲ ಎಂದು ಸಾಫ್ಟ್‌ವೇರೇ ಕಟ್ಟು ಹಾಕಿತು. ಪ್ರಪಂಚದ ಆಡಳಿತ ತಜ್ಞರೆಲ್ಲ ಬಂದು ನೋಡಿ ಹೋದ ಯೋಜನೆ ಅದು, ಹೊಗಳಿಕೆ ಸುಳ್ಳೂ ಅಲ್ಲ. ಆದರೆ ಕಂಪ್ಯೂಟರಿಗೆ ಹೋದದ್ದು ಕೊನೆಯ ಸಾಲು. ಆ ಸಾಲು ಹೇಗೆ ಬಂತು ಎನ್ನುವ ಹಳೆಯ ಕಥೆಯೆಲ್ಲ, ಅಂದರೆ ದರಖಾಸ್ತು ಕಡತ, ಸಾಗುವಳಿ ಚೀಟಿ ವಿತರಣಾ ವಹಿ, ಕೈಬರಹದ ಪಹಣಿ, ಟಿಪ್ಪಣಿ, ರೆಕಾರ್ಡ್ ರೂಮಿನ ಕಬ್ಬಿಣದ ರ‍್ಯಾಕಿನಲ್ಲೇ ಉಳಿಯಿತು. ಪಹಣಿಗೆ ಕೊಡುತ್ತಿದ್ದ ಮಾಮೂಲು ನಿಂತಿತು. ಪೋಡಿಗೆ, ಸರ್ವೆಗೆ, ‘ರೆಕಾರ್ಡ್ ಹುಡುಕಿಸೋದಕ್ಕೆ’ ಕೊಡುವುದು ನಿಲ್ಲಲಿಲ್ಲ. ಕಿಟಕಿಯಲ್ಲಿ ಜಾಗ ಸಿಗದೆ ಹಿತ್ತಲಿಗೆ ಹೋಯಿತು ಅಷ್ಟೆ.

ಸಕಾಲದ ಕಥೆ ಬೇರೆ ರೀತಿಯದು. 2011ರ ಕಾಯ್ದೆ, 2012ರ ಏಪ್ರಿಲ್‌ನಿಂದ ರಾಜ್ಯದಾದ್ಯಂತ ಜಾರಿ. ಅರ್ಜಿಗೊಂದು ನಂಬರು, ನಂಬರಿಗೊಂದು ಗಡುವು, ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರ, ಅದೂ ಹೊಣೆಗಾರ ನೌಕರನಿಂದ. ಕೆಲಸ ತಡವಾದರೆ ಒಬ್ಬ ಮನುಷ್ಯನ ಜೇಬಿಗೆ ತಗಲಬೇಕು ಎಂಬ ಯೋಚನೆಯೇ ದೊಡ್ಡದು. ಆದರೆ ಗಡಿಯಾರ ಅಳೆಯುವುದು ಏನನ್ನು? ವಿಲೇವಾರಿಯನ್ನು. ಪ್ರಮಾಣಪತ್ರ ಕೊಟ್ಟರೂ ವಿಲೇವಾರಿ, ‘ದಾಖಲೆ ಸಾಲದು’ ಎಂದು ತಿರಸ್ಕರಿಸಿದರೂ ವಿಲೇವಾರಿ. ಗಡುವಿನ ಕೊನೆಯ ದಿನ ಸಂಜೆ ಹಿಂಬರಹ ಹೊಡೆದರೆ ಅಂಕಿಅಂಶದಲ್ಲಿ ಕಚೇರಿ ಪಾಸು. ಅರ್ಜಿಗೂ ಕಸಕ್ಕೂ ನಾವು ‘ವಿಲೇವಾರಿ’ ಎಂಬ ಒಂದೇ ಪದ ಇಟ್ಟುಕೊಂಡಿರುವುದು ಕಾಕತಾಳೀಯ ಇರಲಿಕ್ಕಿಲ್ಲ.

ಇನ್ನು ಮಾಹಿತಿ ಹಕ್ಕು. ಕೇಂದ್ರದ ಕಾಯ್ದೆ 2005ರ ಅಕ್ಟೋಬರ್ 12ರಿಂದ ಜಾರಿಗೆ ಬಂತು. ಅದಕ್ಕೂ ಮೊದಲೇ, 2000ದಲ್ಲಿ, ಕರ್ನಾಟಕ ತನ್ನದೇ ಕಾಯ್ದೆ ಮಾಡಿಕೊಂಡಿತ್ತು. 10 ರೂಪಾಯಿ ಶುಲ್ಕ, 30 ದಿನದ ಗಡುವು. ನಮ್ಮ ರಾಜ್ಯದ ನಿಯಮದಲ್ಲಿ ಇನ್ನೂ ಒಂದು ಕಟ್ಟಳೆ ಇದೆ: ಅರ್ಜಿಯಲ್ಲಿ ಒಂದೇ ವಿಷಯ, 150 ಪದ ಮೀರುವಂತಿಲ್ಲ. ಮಾಹಿತಿ ಕೊಡದಿದ್ದರೆ ಮೇಲಧಿಕಾರಿಗೆ ಮೊದಲ ಮೇಲ್ಮನವಿ, ಅಲ್ಲೂ ಆಗದಿದ್ದರೆ 90 ದಿನದೊಳಗೆ ಬೆಂಗಳೂರಿನ ಮಾಹಿತಿ ಸೌಧದಲ್ಲಿರುವ ಆಯೋಗಕ್ಕೆ. ವಿನಾಕಾರಣ ತಡಮಾಡಿದ ಅಧಿಕಾರಿಗೆ ದಿನಕ್ಕೆ 250ರಂತೆ 25,000 ರೂಪಾಯಿವರೆಗೆ ದಂಡ. ಕೆಳಗಿನ ಎರಡು ಮೆಟ್ಟಿಲಿಗೆ ಗಡುವು ಹಾಕಿದ ಕಾಯ್ದೆ, ಎರಡನೇ ಮೇಲ್ಮನವಿಯನ್ನು ಆಯೋಗ ಎಷ್ಟು ದಿನದಲ್ಲಿ ಮುಗಿಸಬೇಕೆಂದು ಹೇಳುವುದಿಲ್ಲ. ಅದು ಗೊತ್ತಿರುವ ಕಚೇರಿಗೆ ಮೊದಲ 30 ದಿನದ ಹೆದರಿಕೆ ಅಷ್ಟಕ್ಕಷ್ಟೆ.

ಆದರೆ ‘ಕಡತ ಲಭ್ಯವಿಲ್ಲ’ ಎಂಬ ಉತ್ತರದ ಬಗ್ಗೆ ಕಾನೂನು ಏನು ಹೇಳುತ್ತದೆ ಎನ್ನುವುದು ಅರ್ಜಿದಾರರಿಗೂ ಅಧಿಕಾರಿಗಳಿಗೂ ಅಷ್ಟಾಗಿ ಗೊತ್ತಿಲ್ಲ, ಅಥವಾ ಎರಡನೆಯವರಿಗೆ ಗೊತ್ತಿದ್ದೂ ಹೇಳುವುದಿಲ್ಲ. ಮಾಹಿತಿ ಕೊಡದಿರಲು ಕಾಯ್ದೆಯ 8 ಮತ್ತು 9ನೇ ಕಲಮುಗಳಲ್ಲಿ ಕಾರಣಗಳ ಪಟ್ಟಿ ಇದೆ. ಆ ಪಟ್ಟಿಯಲ್ಲಿ ‘ಕಳೆದುಹೋಗಿದೆ’ ಎಂಬುದು ಇಲ್ಲ. ದೆಹಲಿ ಹೈಕೋರ್ಟ್ 2013ರಲ್ಲಿ ವಿಶ್ವಾಸ್ ಭಾಂಬುರ್ಕರ್ ಪ್ರಕರಣದಲ್ಲಿ ಇದನ್ನು ಬಿಡಿಸಿ ಹೇಳಿತು. ಒಮ್ಮೆ ಸರ್ಕಾರದ ದಾಖಲೆಯಲ್ಲಿದ್ದ ಮಾಹಿತಿ, ನಿಯಮದ ಪ್ರಕಾರ ನಾಶಪಡಿಸಿದ ಹೊರತು, ಅಲ್ಲೇ ಇರಬೇಕು. ಇಲ್ಲವೆಂದರೆ ಸರಿಯಾಗಿ ಹುಡುಕಬೇಕು, ಸಿಗದಿದ್ದರೆ ವಿಚಾರಣೆ ನಡೆಸಿ ಹೊಣೆ ಯಾರದೆಂದು ನಿಗದಿಪಡಿಸಬೇಕು. ನಮ್ಮಲ್ಲೇ ಕರ್ನಾಟಕ ರಾಜ್ಯ ಸಾರ್ವಜನಿಕ ದಾಖಲೆಗಳ ಅಧಿನಿಯಮ, 2010 ಇದೆ. ಅದರ ಕೆಲವು ಕಲಮುಗಳನ್ನು ಉಲ್ಲಂಘಿಸಿದವರಿಗೆ 5 ವರ್ಷದವರೆಗೆ ಜೈಲು, ಇಲ್ಲವೇ 10,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಕಡತ ಕಳೆಯುವುದು ಅಪರಾಧವಾಗಬಹುದಾದ ನಾಡಿನಲ್ಲಿ, ಕಡತ ಕಳೆದಿದೆ ಎಂದು ಕಚೇರಿಯೇ ಮೊಹರು ಹಾಕಿ ಬರೆದುಕೊಡುತ್ತದೆ. ತಪ್ಪೊಪ್ಪಿಗೆಯನ್ನು ಉತ್ತರವೆಂದು ತಿಳಿದು ನಾವು ಮಡಚಿಟ್ಟುಕೊಂಡು ಮನೆಗೆ ಬರುತ್ತೇವೆ.

ಲೋಕಾಯುಕ್ತಕ್ಕೆ ಹೋಗಿ ಎನ್ನುವವರಿದ್ದಾರೆ. 1984ರ ಕಾಯ್ದೆಯಿಂದ ಹುಟ್ಟಿ, 2016ರಲ್ಲಿ ಭ್ರಷ್ಟಾಚಾರ ನಿಗ್ರಹ ದಳ (ಎಸಿಬಿ) ಬಂದು ಹಲ್ಲು ಕಳೆದುಕೊಂಡು, 2022ರ ಆಗಸ್ಟ್‌ನಲ್ಲಿ ಹೈಕೋರ್ಟ್ ಎಸಿಬಿಯನ್ನು ರದ್ದುಮಾಡಿದ ಮೇಲೆ ಮತ್ತೆ ಪೊಲೀಸ್ ಬಲ ಪಡೆದ ಸಂಸ್ಥೆ ಅದು. ಟ್ರ್ಯಾಪ್ ಮಾಡಿದಾಗ ನೋಟಿಗೆ ಪುಡಿ ಸವರಿರುತ್ತಾರೆ, ಮುಟ್ಟಿದ ಕೈಯನ್ನು ದ್ರಾವಣದಲ್ಲಿ ಅದ್ದಿದರೆ ಗುಲಾಬಿ ಬಣ್ಣ. ಲಂಚ ಮುಟ್ಟಿದ ಕೈ ಹಾಗೆ ಸಿಕ್ಕಿಬೀಳುತ್ತದೆ. ಕಡತ ಮರೆಸಿದ ಕೈಗೆ ಬಣ್ಣ ಹತ್ತಿಸುವ ಪುಡಿ ಇನ್ನೂ ಬಂದಿಲ್ಲ.

ಕಚೇರಿಯವರ ಮಾತನ್ನೂ ಕೇಳಬೇಕು, ಅದರಲ್ಲಿ ಹುರುಳಿದೆ. ಹಳೆಯ ತಾಲ್ಲೂಕು ಕಚೇರಿಗಳಿಂದ ಮಿನಿ ವಿಧಾನಸೌಧಗಳಿಗೆ ಬರುವಾಗ ದಾಖಲೆಗಳು ಗೋಣಿಚೀಲದಲ್ಲಿ, ಟ್ರ್ಯಾಕ್ಟರಿನಲ್ಲಿ ಬಂದದ್ದನ್ನು ಕಣ್ಣಾರೆ ಕಂಡವರು ಇನ್ನೂ ಇದ್ದಾರೆ. 2007ರಲ್ಲಿ ಕೋಲಾರ ಒಡೆದು ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾಯಿತು, ಆಮೇಲೆ ಬಂಗಾರಪೇಟೆಯಿಂದ ಕೆಜಿಎಫ್ ಬೇರೆ ತಾಲ್ಲೂಕಾಯಿತು. ಪ್ರತಿ ಸಲ ಗಡಿ ಎಳೆದಾಗಲೂ ಕಡತಗಳನ್ನು ವಿಂಗಡಿಸಿ ಸಾಗಿಸಬೇಕು. ರೆಕಾರ್ಡ್ ರೂಮು ನೋಡಿಕೊಳ್ಳುವವರು ಸಾಮಾನ್ಯವಾಗಿ ಕಚೇರಿಯಲ್ಲೇ ಕಡಿಮೆ ಸಂಬಳದವರು. ಗ್ರಾಮ ಆಡಳಿತ ಅಧಿಕಾರಿಗಳು, ಅಂದರೆ ಹಳೆಯ ಗ್ರಾಮ ಲೆಕ್ಕಿಗರು, 2024ರಲ್ಲಿ ಒಮ್ಮೆ, 2025ರ ಫೆಬ್ರವರಿಯಲ್ಲಿ ಇನ್ನೊಮ್ಮೆ ಮುಷ್ಕರ ಕೂತದ್ದು ಸುಮ್ಮನಲ್ಲ. ಸರಿಯಾದ ಸೌಲಭ್ಯ ಕೊಡದೆ ಒಂದರ ಮೇಲೊಂದು ಮೊಬೈಲ್ ಆ್ಯಪ್ ಹೇರಿದರೆ ಮನುಷ್ಯ ಏನು ಮಾಡಿಯಾನು? ಇದೆಲ್ಲ ನಿಜ. ಆದರೆ ಇದು ಕಡತ ಕಳೆದದ್ದು ಹೇಗೆ ಎನ್ನುವುದಕ್ಕೆ ವಿವರಣೆ. ಹಿಂಬರಹದಲ್ಲಿ ಈ ವಿವರಣೆಯನ್ನಾದರೂ ಬರೆಯಿರಿ ಎಂದರೆ ಅದನ್ನೂ ಬರೆಯುವುದಿಲ್ಲ.

ಕೋಲಾರದ ಜನಕ್ಕೆ ಇದಕ್ಕೆ ತಮ್ಮದೇ ಪರಿಹಾರ ಒಂದು ಗೊತ್ತಿದೆ: ಒಳ್ಳೆಯ ಅಧಿಕಾರಿ. ಡಿ.ಕೆ. ರವಿ ಅವರು 2013–14ರಲ್ಲಿ ಇಲ್ಲಿ ಜಿಲ್ಲಾಧಿಕಾರಿಯಾಗಿದ್ದಾಗ ಅದಾಲತ್ ನಡೆಸಿ, ಒತ್ತುವರಿ ಬಿಡಿಸಿ ಹೆಸರು ಮಾಡಿದವರು. ಅವರ ವರ್ಗಾವಣೆಯಾದಾಗ ಜನ ಬೀದಿಗಿಳಿದರು. ಈಗಲೂ ಟೀ ಅಂಗಡಿಗಳಲ್ಲಿ ಅವರ ಮಾತು ಬರುತ್ತದೆ. ಗೌರವ ನನಗೂ ಇದೆ, ಆದರೆ ಅಧಿಕಾರಿಯ ಜೊತೆ ಹೊಣೆಗಾರಿಕೆಯೂ ವರ್ಗಾವಣೆಯಾಗಿ ಹೋಗುವುದಾದರೆ ಉಳಿಯುವುದು ನೆನಪು ಮಾತ್ರ.

ಎಲ್ಲವೂ ಬಹಿರಂಗವಾಗಿದ್ದೂ ಯಾರೂ ಉತ್ತರ ಹೇಳದ ಉದಾಹರಣೆ ಬೇಕೆಂದರೆ ದೂರ ಹೋಗಬೇಕಿಲ್ಲ. ನಮ್ಮ ಕಡೆಗೆ ನೀರು ತರಬೇಕಾದ ಎತ್ತಿನಹೊಳೆ ಯೋಜನೆಯ ಮೊತ್ತ 2012ರಲ್ಲಿ 8,323 ಕೋಟಿ ರೂಪಾಯಿ, 2014ರಲ್ಲಿ 12,912 ಕೋಟಿ, 2023ರಲ್ಲಿ 23,251 ಕೋಟಿ. ಇದು ನಮ್ಮೂರ ಹುಡುಗರಿಗೂ ಬಾಯಿಪಾಠ. ಶಂಕುಸ್ಥಾಪನೆ 2014ರಲ್ಲಿ ಚಿಕ್ಕಬಳ್ಳಾಪುರದಲ್ಲಿ, ಮೊದಲ ಹಂತದ ಉದ್ಘಾಟನೆ 2024ರಲ್ಲಿ ಸಕಲೇಶಪುರದ ಕಡೆ. ಮೊತ್ತ ಏರಿದ್ದು ಕಾಣುತ್ತದೆ, ಏರಿಸಿದ ನಿರ್ಧಾರಕ್ಕೆ ಯಾರು ಜವಾಬ್ದಾರರು ಎಂದು ಕೇಳಿ ನೋಡಿ. ‘ಪರಿಷ್ಕರಿಸಲಾಗಿದೆ.’

ಈಗ ಸರ್ಕಾರ ‘ಭೂ ಸುರಕ್ಷಾ’ ಹೆಸರಿನಲ್ಲಿ ತಾಲ್ಲೂಕು ಕಚೇರಿಗಳ ಹಳೆಯ ದಾಖಲೆಗಳನ್ನು ಸ್ಕ್ಯಾನ್ ಮಾಡಿಸುತ್ತಿದೆ. ಆಗಲೇಬೇಕಿದ್ದ ಕೆಲಸ, ಇಪ್ಪತ್ತು ವರ್ಷ ತಡ. ಸ್ಕ್ಯಾನ್ ಆದ ಪುಟವನ್ನು ಇಲಿ ತಿನ್ನುವುದಿಲ್ಲ, ಯಾರೂ ಹರಿದು ಒಯ್ಯುವಂತಿಲ್ಲ. ನನ್ನ ತಕರಾರು ಒಂದೇ. ಇಲ್ಲದ ಕಡತ ಸ್ಕ್ಯಾನ್ ಆಗುವುದಿಲ್ಲ. ಇದ್ದದ್ದೆಲ್ಲ ಅಂತರ್ಜಾಲಕ್ಕೆ ಬಂದ ದಿನ, ಅಲ್ಲಿ ಇಲ್ಲದ್ದು ಎಂದೂ ಇರಲೇ ಇಲ್ಲ ಎನ್ನುವ ಮಾತು ಶುರುವಾಗುತ್ತದೆ. ಮಾಹಿತಿ ಹಕ್ಕು ಕಾಯ್ದೆಯ 4(1)(ಎ) ಕಲಂ ಪ್ರಕಾರ ಪ್ರತಿ ಕಚೇರಿಯೂ ತನ್ನ ದಾಖಲೆಗಳ ಸೂಚಿ ಇಟ್ಟಿರಬೇಕು. ಹಳೆಯ ದರಖಾಸ್ತು ವಹಿಯಲ್ಲಿ ನಮೂದಾಗಿರುವ ಕಡತಗಳೆಷ್ಟು, ಸ್ಕ್ಯಾನಿಗೆ ಸಿಕ್ಕವೆಷ್ಟು, ಸಿಗದ ಒಂದೊಂದೂ ಕೊನೆಗೆ ಯಾರ ವಶದಲ್ಲಿತ್ತು ಎಂದು ಹೋಬಳಿವಾರು ಪಟ್ಟಿ ಮಾಡಿ ಕಚೇರಿಯ ಗೋಡೆಗೆ ಅಂಟಿಸಲಿ. ಸ್ಕ್ಯಾನಿಂಗ್ ಯಂತ್ರಕ್ಕಿಂತ ಅಗ್ಗದ ಕೆಲಸ. ಆ ಪಟ್ಟಿಯ ಎದುರು ಒಂದು ವಾರ ಜನ ನಿಂತರೆ ಎಷ್ಟು ಕಡತ ತಾವಾಗಿ ವಾಪಸು ಬರುತ್ತವೋ ನೋಡಬೇಕು.

ಚಿಕ್ಕಪ್ಪನ ವಿಷಯಕ್ಕೆ ಬರುತ್ತೇನೆ. ಮಾಹಿತಿ ಹಕ್ಕಿನ ಅರ್ಜಿಗಳಲ್ಲಿ ಪಳಗಿದ, ಪರಿಚಯದ ನಿವೃತ್ತ ಶಿರಸ್ತೇದಾರರೊಬ್ಬರು ಒಂದು ದಾರಿ ಹೇಳಿಕೊಟ್ಟರು. “ಕಡತ ಕೇಳ್ಬೇಡಿ, ಇಲ್ಲ ಅಂತಾರೆ. ಚಾರ್ಜ್ ಲಿಸ್ಟ್ ಕೇಳಿ.” ಒಬ್ಬ ವಿಷಯ ನಿರ್ವಾಹಕ, ಅಂದರೆ ಕಡತ ನೋಡಿಕೊಳ್ಳುವ ಗುಮಾಸ್ತ, ಬೇರೆ ಟೇಬಲ್ಲಿಗೋ ಬೇರೆ ಊರಿಗೋ ಹೋಗುವಾಗ ತನ್ನ ವಶದಲ್ಲಿರುವ ಕಡತಗಳ ಪಟ್ಟಿ ಮಾಡಿ, ಬಂದವನ ಸಹಿ ಪಡೆದು ಒಪ್ಪಿಸಿ ಹೋಗಬೇಕು. ಅದೇ ಪ್ರಭಾರ ಪಟ್ಟಿ, ಎಲ್ಲರ ಬಾಯಲ್ಲೂ ಚಾರ್ಜ್ ಲಿಸ್ಟ್. ಅದರ ಜೊತೆಗೆ ನಾಶಪಡಿಸಿದ ಕಡತಗಳ ವಹಿಯನ್ನೂ ಕೇಳಿ ಎಂದರು. ವಹಿಯಲ್ಲಿ ಇಲ್ಲವೆಂದರೆ ಕಡತ ನಾಶವಾಗಿಲ್ಲ ಎಂದರ್ಥ. ಚಾರ್ಜ್ ಲಿಸ್ಟಿನಲ್ಲಿ ಇದೆಯೆಂದರೆ ಆ ದಿನದವರೆಗೆ ಇತ್ತು ಎಂದರ್ಥ. ಒಂದೇ ವಿಷಯದ ಕಟ್ಟಳೆ ಇರುವುದರಿಂದ ಎರಡು ಅರ್ಜಿ, ಎರಡು ಹತ್ತು ರೂಪಾಯಿ.

ನಾಶದ ವಹಿಯಲ್ಲಿ ನಮ್ಮ ಕಡತ ಇಲ್ಲ. 2009ರ ಚಾರ್ಜ್ ಲಿಸ್ಟಿನಲ್ಲಿ ಇದೆ. ನೀಲಿ ಶಾಯಿಯ ಕೈಬರಹ, ಕ್ರಮ ಸಂಖ್ಯೆ 214, ಚಿಕ್ಕಪ್ಪನ ಹೆಸರು, ಊರು, ಸರ್ವೆ ನಂಬರು, ಪುಟಗಳು 31. ಆ ಜೆರಾಕ್ಸ್ ಪ್ರತಿಯನ್ನು ಹಿಡಿದುಕೊಂಡು ಚಿಕ್ಕಪ್ಪ ಬಹಳ ಹೊತ್ತು ನೋಡಿದರು. ಮೂವತ್ತು ವರ್ಷ ಕಚೇರಿಯಲ್ಲಿ ಕಡತ ಕ್ಷೇಮವಾಗಿಯೇ ಇತ್ತು. ಪುಟದ ಕೆಳಗೆ ಎರಡು ಸಹಿ: ಒಪ್ಪಿಸಿದವರದು, ಒಪ್ಪಿಸಿಕೊಂಡವರದು. ಎರಡೂ ಕೋಳಿ ಕೆದರಿದಂತಿವೆ. ಹೆಸರಿಲ್ಲ. ಹೆಸರು ಇರಬೇಕಾದ ಕಡೆ ‘ವಿಷಯ ನಿರ್ವಾಹಕರು’ ಎಂಬ ಸೀಲು.

ಇಲ್ಲಿಂದ ಮುಂದಿನ ದಾರಿ ಈಚೆಗೆ ಇನ್ನಷ್ಟು ಕಿರಿದಾಗಿದೆ. ಮಾಹಿತಿ ಹಕ್ಕು ಕಾಯ್ದೆಯ 8(1)(ಜೆ) ಕಲಮಿನಲ್ಲಿ ವೈಯಕ್ತಿಕ ಮಾಹಿತಿಯನ್ನು ನಿರಾಕರಿಸಲು ಮೊದಲು ಷರತ್ತುಗಳಿದ್ದವು: ಅದಕ್ಕೆ ಸಾರ್ವಜನಿಕ ಕೆಲಸದ ಸಂಬಂಧ ಇರಬಾರದು, ಅಥವಾ ಅದು ಖಾಸಗಿತನಕ್ಕೆ ಅನಗತ್ಯ ಧಕ್ಕೆ ತರುವಂತಿರಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ 44(3)ನೇ ಕಲಂ ಆ ಷರತ್ತುಗಳನ್ನು ಅಳಿಸಿತು. 2025ರ ನವೆಂಬರ್‌ನಲ್ಲಿ ಅದು ಜಾರಿಗೂ ಬಂತು. ‘ವೈಯಕ್ತಿಕ ಮಾಹಿತಿ’ ಎಂದರೆ ಸಾಕು, ಬಾಗಿಲು ಹಾಕಬಹುದು. ಸಾರ್ವಜನಿಕ ಹಿತ ಹೆಚ್ಚಿನದಾಗಿದ್ದರೆ ಕೊಡಬಹುದು ಎನ್ನುವ 8(2) ಉಳಿದಿದೆ, ಆದರೆ ಅದನ್ನು ತೂಗಿ ನೋಡುವವರು ಅದೇ ಅಧಿಕಾರಿ. ಸರ್ಕಾರಿ ಕಡತ ಪಡೆದುಕೊಂಡ ಸರ್ಕಾರಿ ನೌಕರನ ಹೆಸರು ವೈಯಕ್ತಿಕ ಮಾಹಿತಿಯೇ? ಅಲ್ಲ ಎಂದೇ ನನ್ನ ವಾದ. ಆದರೆ ವಾದ ಮಾಡಬೇಕಾದ ಪರಿಸ್ಥಿತಿ ಬಂದಿದೆ ಎನ್ನುವುದೇ ವ್ಯತ್ಯಾಸ.

ಹೋದ ವಾರ ಮೂರನೇ ಅರ್ಜಿ ಹಾಕಿದೆವು. 150 ಪದಕ್ಕೆ ಅವಕಾಶವಿತ್ತು, ಅಷ್ಟು ಬೇಕಾಗಲಿಲ್ಲ: “2009ರ ಪ್ರಭಾರ ಪಟ್ಟಿಯಲ್ಲಿ ಕ್ರಮ ಸಂಖ್ಯೆ 214 ಇರುವ ಪುಟದ ಕೆಳಗಿನ ಎರಡನೇ ಸಹಿ ಯಾರದು? ಹೆಸರು ಮತ್ತು ಹುದ್ದೆ ತಿಳಿಸಿ.” ಸ್ವೀಕೃತಿಯ ಮೊಹರು ಬಿದ್ದ ಪ್ರತಿಯನ್ನು ಚಿಕ್ಕಪ್ಪ ಅದೇ ಸೀರೆ ಅಂಗಡಿಯ ಕವರಿನಲ್ಲಿ, ಬೇವಿನೆಲೆಯ ಪಕ್ಕ ಇಟ್ಟಿದ್ದಾರೆ. ಮೂವತ್ತು ದಿನಕ್ಕೆ ಇನ್ನೂ ಇಪ್ಪತ್ತೆರಡು ದಿನ ಇದೆ.